ಪದಚರ್ಚೆ: ಕ್ರಿಸ್ತನಲ್ಲಿ ‘ಸ್ವಾತಂತ್ರ್ಯ’ವೋ ‘ಬಿಡುಗಡೆ’ಯೋ?

ಮಾನ್ಯರೇ,

ಗೋವೆಯ ವಾಸ್ಕೋದ ನಮ್ಮ ಕನ್ನಡ ಕ್ರೈಸ್ತ ಸಭೆಯ ಕೂಟಕ್ಕೆ ಫಲಕ ಬರೆಸಬೇಕಾಗಿದ್ದು, ಬರೆಯುವವರು ನಾಳೆ ಸಂಜೆಯೊಳಗೆ ಒಕ್ಕಣೆ ಕೇಳಿದ್ದಾರೆ. ವಿಷಯ ಸತ್ಯವೇದದ (ಬೈಬಲಿನ) ಗಲಾತ್ಯ ಪತ್ರಿಕೆಯ, ಅಂದರೆ ಗಲಾತ್ಯದ ಸಭೆಗಳಿಗೆ ಅಪೊಸ್ತಲ ಪೌಲನು ಬರೆದ ಪತ್ರದ, 5ನೆಯ ಅಧ್ಯಾಯ. ‘ಕ್ರಿಸ್ತನಲ್ಲಿ’ ಎಂಬುದರ ಮುಂದೆ ಸ್ವಾತಂತ್ರ್ಯ, ಬಿಡುಗಡೆ, ವಿಮೋಚನೆ, ಮುಕ್ತಿ ಇವುಗಳಲ್ಲಿ ಯಾವುದು ತಕ್ಕದ್ದೆಂದು ದಯವಿಟ್ಟು ತಿಳಿಸಿ.

ಪುಣೆಯಿಂದ ಉತ್ತರ:

‘ಮುಕ್ತಿ’ ಬೇಡವೇ ಬೇಡ. ಕನ್ನಡಿಗರ ಕಿವಿಗೆ ಅದು ಹುಟ್ಟುಸಾವುಗಳಿಂದ ಪಾರಾಗುವುದು. ಮೇಲಾಗಿ, 1961ರ ಡಿಸೆಂಬರ್ 19ರ ನೆನಪಿಗೆ ಮುಕ್ತಿದಿನವನ್ನು ಆಚರಿಸುವ ಗೋವೆಯಲ್ಲಿ ಜನರು ಪೋರ್ಚುಗೀಸರು ತೊಲಗಿದ್ದನ್ನೇ ನೆನೆದಾರು. ‘ವಿಮೋಚನೆ’ಗೂ ಅದೇ ತೊಡಕಿದೆ, ಇಸ್ರಾಯೇಲ್ಯರು ಐಗುಪ್ತದ ದಾಸತ್ವದಿಂದ ಹೊರಬಂದುದನ್ನು ಹೇಳುವ ಸತ್ಯವೇದದ ವಿಮೋಚನಕಾಂಡದ ಬೆಂಬಲವಿದ್ದರೂ.

ನನ್ನ ಮತ ‘ಬಿಡುಗಡೆ’ಗೆ. ಸ್ವತಂತ್ರನೆಂದರೆ ತನ್ನ ಅಂಕೆಯಲ್ಲಿ ತಾನಿರುವವನು. ಪೌಲನು ಬಳಸಿದ ಗ್ರೀಕಿನ ‘ಎಲ್ಯುಥೆರಿಯಾ’ ದಾಸನಲ್ಲದವನ ಸ್ಥಿತಿ, ಅದನ್ನು ದೊರಕಿಸಿದವನು ಕ್ರಿಸ್ತನು. ಅದನ್ನು ಶರೀರದ ಆಸೆಗೆ ಆಸ್ಪದ ಮಾಡಿಕೊಳ್ಳದೆ ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆಮಾಡಿರೆಂದು 13ನೆಯ ವಚನದಲ್ಲಿ ಹೇಳುವಾಗ ಪೌಲನು ಆರಿಸಿಕೊಂಡ ಕ್ರಿಯಾಪದವು ದಾಸನ ಊಳಿಗವನ್ನೇ ಸೂಚಿಸುತ್ತದೆ. ಇಸ್ರಾಯೇಲ್ಯರ ನಾಯಕ ಮೋಶೆಯು ಐಗುಪ್ತದ ಅರಸ ಫರೋಹನ ಮುಂದಿಟ್ಟ ಬೇಡಿಕೆಯೂ ಜನರು ಹೊರಟುಹೋಗಿ ದೇವರನ್ನು ಸೇವಿಸಲೆಂಬುದೇ. ‘ಬಿಡು’ ನಮ್ಮದೇ ಧಾತು. ಬಿಡಿಸುವವನು ಬೇರೊಬ್ಬನೆಂಬ ಅರ್ಥ ಅದರೊಳಗೇ ಇದೆ.

ಮುಂಬಯಿಯಿಂದ:

ಪದವನ್ನು ಒಡೆದು ತೀರ್ಪು ಕೊಡುವ ಈ ಕ್ರಮ ಒಪ್ಪತಕ್ಕದ್ದಲ್ಲ. ರೂಢಿಯಲ್ಲಿ ನೆಲೆಗೊಂಡ ಅರ್ಥವೇ ಅರ್ಥ. ಸತ್ಯವೇದ ಓದುವವರಿಗೆ ‘ಸ್ವಾತಂತ್ರ್ಯ’ ಅಪರಿಚಿತವಲ್ಲ. ಇಗರ್ಜಿ, ಪಾದ್ರಿ ಪೋರ್ಚುಗೀಸಿನಿಂದ ಬಂದವು, ‘ಕ್ರಿಸ್ತ’ ಗ್ರೀಕಿನಿಂದ ಬಂದದ್ದು. ಅವೆಲ್ಲ ನಮ್ಮವಾಗಿರುವಾಗ ಸಂಸ್ಕೃತಕ್ಕೆ ಮಾತ್ರ ಬಾಗಿಲು ಹಾಕುವುದೇಕೆ? ‘ಬಿಡುಗಡೆ’ ಎಂದರೆ ಇಂದು ಪುಸ್ತಕ, ಸಿನಿಮಾಗಳದ್ದು.

ಮತ್ತೆ ಪುಣೆಯಿಂದ:

ಎರವಲಿನ ಬಗ್ಗೆ ನಾನು ತಕರಾರು ಎತ್ತಿಲ್ಲ. ‘ದಾಸತ್ವ’ವೂ ಸಂಸ್ಕೃತವೇ, ಅದು ನನಗೆ ಬೇಕೇ ಬೇಕು. ಯೋಹಾನನ ಸುವಾರ್ತೆಯ 8ನೆಯ ಅಧ್ಯಾಯದಲ್ಲಿ ಯೇಸುವಿನ ಮಾತು ಕೇಳಿದವರು, ನಾವು ಎಂದೂ ಯಾರಿಗೂ ದಾಸರಾಗಿಲ್ಲವೆಂದು ವಾದಿಸಿದಾಗ, ಪಾಪಮಾಡುವವನು ಪಾಪಕ್ಕೆ ದಾಸನೆಂದು ಆತನು ಉತ್ತರಿಸಿದನು. ಯಾವುದರಿಂದ ಬಿಡುಗಡೆ ಎಂಬುದನ್ನು ಹೇಳದ ಫಲಕವು ಅರ್ಧ ಸುವಾರ್ತೆಯನ್ನೇ ಹೇಳಿದಂತಾಗುತ್ತದೆ. ಆದ್ದರಿಂದ ‘ಕ್ರಿಸ್ತನಲ್ಲಿ ದಾಸತ್ವದಿಂದ ಬಿಡುಗಡೆ’ ಎಂದು ಬರೆಸಿ, ಕೆಳಗೆ ‘ಗಲಾತ್ಯ 5:1’ ಎಂದು ಹಾಕಿಸಿ. ಆಗ ಪುಸ್ತಕ ಬಿಡುಗಡೆಯ ಸಂಶಯಕ್ಕೆ ಎಡೆಯಿರುವುದಿಲ್ಲ.