ಅಪ್‌ಡೇಟ್: ಕಂಪ್ಯೂಟರ್ ಓಡುತ್ತಿರುವಾಗಲೇ ಡಿಸ್ಕ್ ಆಫ್ ಮಾಡುವುದು

ನನ್ನ ಪ್ರಶ್ನೆ ಇಷ್ಟೇ ಇತ್ತು: ಲಿನಕ್ಸ್ ಮಷೀನ್ ದಿನವಿಡೀ ಆನ್ ಇರುತ್ತದೆ, ಬ್ಯಾಕಪ್‌ನ ಸಾಟಾ (ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಮಾಮೂಲಿ ಬಗೆ) ಹಾರ್ಡ್ ಡಿಸ್ಕ್ ಮಾತ್ರ ರಾತ್ರಿ ಸ್ವಲ್ಪ ಹೊತ್ತು ಬೇಕು. ಉಳಿದ ಸಮಯ ಅದರ ಕರೆಂಟ್ ತೆಗೆಯಬಹುದಾ? ತೆಗೆಯಬಹುದು. ಕಂಪ್ಯೂಟರ್ ಆನ್ ಇರುವಾಗಲೇ ಡಿಸ್ಕ್ ತೆಗೆದು ಹಾಕಬಹುದಾದ, ಸ್ವಿಚ್ ಇರುವ ಹಾಟ್‌ಸ್ವಾಪ್ ಟ್ರೇ ಹಾಕಿಸಿದೆ, ಚೆನ್ನಾಗಿ ನಡೆಯುತ್ತಿದೆ.

ಎಲ್ಲ ಇರುವುದು ಆಫ್ ಮಾಡುವ ಕ್ರಮದಲ್ಲಿ. ಮೊದಲು ಅನ್‌ಮೌಂಟ್, ಅಂದರೆ ಡಿಸ್ಕಿನ ಫೈಲುಗಳನ್ನು ಸಿಸ್ಟಮ್‌ನಿಂದ ಬಿಡಿಸುವುದು. ಆಮೇಲೆ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ, ಸಿಸ್‌ಎಫ್‌ಎಸ್‌ನಲ್ಲಿ (ಲಿನಕ್ಸ್ ತನ್ನ ಹಾರ್ಡ್‌ವೇರನ್ನು ಫೈಲುಗಳಂತೆ ತೋರಿಸುವ /sys ಫೋಲ್ಡರ್) ಆ ಡಿಸ್ಕಿನ 'ಡಿಲೀಟ್' ಫೈಲಿಗೆ 1 ಬರೆಯಬೇಕು. ಹೆಸರು ನೋಡಿ ಗಾಬರಿಯಾಗಬೇಡಿ, ಡೇಟಾ ಏನೂ ಅಳಿಯುವುದಿಲ್ಲ. ಕರ್ನಲ್ (ಲಿನಕ್ಸ್‌ನ ತಿರುಳು) ಡಿಸ್ಕಿನ ಕ್ಯಾಶ್‌ನಲ್ಲಿ ಬರೆಯಲು ಕಾದಿರುವ ಡೇಟಾವನ್ನು ಬರೆಸಿ ಮೋಟರ್ ನಿಲ್ಲಿಸುತ್ತದೆ. ಲಾಗ್‌ನಲ್ಲಿ 'ಸ್ಟಾಪಿಂಗ್ ಡಿಸ್ಕ್' ಅಂತ ಬರಬಹುದು, ಟಕ್ ಅಂತ ಹೆಡ್ (ಡೇಟಾ ಓದಿ ಬರೆಯುವ ಭಾಗ) ಪಕ್ಕಕ್ಕೆ ಸರಿದು ಪಾರ್ಕ್ ಆಗುತ್ತದೆ, ಗುಂಯ್ ಸದ್ದು ನಿಧಾನಕ್ಕೆ ಇಳಿಯುತ್ತದೆ. ಅದು ಪೂರ್ತಿ ನಿಂತ ಮೇಲೇ ಸ್ವಿಚ್. ತಿರುಗುತ್ತಿರುವಾಗಲೇ ಕರೆಂಟ್ ಕಿತ್ತರೆ ಹೆಡ್ ತುರ್ತಾಗಿ ಪಾರ್ಕ್ ಆಗಬೇಕಾಗುತ್ತದೆ, ಸವೆತ ಜಾಸ್ತಿ.

ವಾಪಸ್ ತರುವುದು ಸುಲಭ. ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್) ಎಎಚ್‌ಸಿಐ ಎಂಬ ಸಾಟಾ ಮೋಡ್ ಮತ್ತು ಹಾಟ್‌ಪ್ಲಗ್ ಆನ್ ಇದ್ದರೆ ಡಿಸ್ಕ್ ತಾನಾಗಿಯೇ ಕಾಣಿಸುತ್ತದೆ. ಇಲ್ಲದಿದ್ದರೆ ಸಿಸ್‌ಎಫ್‌ಎಸ್‌ನಲ್ಲೇ ಹೋಸ್ಟ್‌ನ (ಡಿಸ್ಕ್ ಸಿಕ್ಕಿಸಿರುವ ಪೋರ್ಟ್) 'ಸ್ಕ್ಯಾನ್' ಫೈಲಿಗೆ ಮಧ್ಯೆ ಜಾಗ ಬಿಟ್ಟು ಮೂರು ಅಡ್ಡಗೆರೆ (- - -) ಬರೆಯಿರಿ. ಲಿನಕ್ಸ್ ಡಿಸ್ಕಿಗೆ ಕೊಡುವ ಹೆಸರು ಬದಲಾಗಿ, ಎಸ್‌ಡಿಬಿ ಆಗಿದ್ದದ್ದು ಎಸ್‌ಡಿಸಿ ಆಗಿ ಬರಬಹುದು, ಹಾಗಾಗಿ ಮೌಂಟ್‌ಗೆ ಯುಯುಐಡಿಯೇ (ಬದಲಾಗದ ಗುರುತಿನ ಸಂಖ್ಯೆ) ಇರಲಿ.

ಬರೀ ಎಚ್‌ಡಿಪಾರ್ಮ್ ಎಂಬ ಕಮಾಂಡಿನಲ್ಲಿ ಡಿಸ್ಕನ್ನು ಮಲಗಿಸಿದರೆ ಸಾಕಲ್ವಾ ಅಂತ ಕೆಲವರು ಕೇಳಿದ್ದಿರಿ. ಮೋಟರ್ ನಿಲ್ಲುತ್ತದೆ, ನಿಜ. ಆದರೆ ಯಾವುದೋ ಪ್ರೋಗ್ರಾಂ ಸುಮ್ನೆ ಮುಟ್ಟಿದರೂ ಮತ್ತೆ ಎದ್ದು ತಿರುಗುತ್ತದೆ. ನನಗೆ ಸ್ವಿಚ್ಚೇ ಇಷ್ಟ.