ಭಾವನ ಮೀಸೆಗೆ ಎಷ್ಟು ಹೊಲಿಗೆ?

ಗಿರೀಶನ ಅಕ್ಕನ ಮದುವೆ. ಬ್ಲೌಸ್ ಬೆನ್ನಿಗೆ ಮದುಮಕ್ಕಳ ಫೋಟೋನೇ ಎಂಬ್ರಾಯ್ಡರಿ ಆಗಬೇಕಂತೆ.

"ಅದೇನು ಮಹಾ? ಫೋಟೋ ಸಾಫ್ಟ್‌ವೇರ್‌ಗೆ ಹಾಕು, ಬಟನ್ ಒತ್ತು" ಎಂದ ಗಿರೀಶ.

"ಒತ್ತಿದ್ದೇನೆ, ನೋಡು" ಎಂದು ರಫೀಕ್ ಲ್ಯಾಪ್‌ಟಾಪ್ ತಿರುಗಿಸಿದ. ಅವನದು ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿ. ಪರದೆಯಲ್ಲಿ ಮದುಮಗನ ಕೆನ್ನೆಗೇ ಆರು ಬಣ್ಣ, ಮೀಸೆಯೂ ಮೂಗಿನ ನೆರಳೂ ಸೇರಿ ಒಂದೇ ಕಪ್ಪು ತೇಪೆ.

"ಇದು ನಮ್ಮ ಭಾವನಾ?"

"ಸಾಫ್ಟ್‌ವೇರ್‌ಗೆ ಭಾವ, ಮೈದುನ ಎಲ್ಲ ಗೊತ್ತಾಗಲ್ಲ ಮಾರಾಯ. ಅದಕ್ಕೆ ಕಾಣುವುದು ಬಣ್ಣದ ತೇಪೆ ಅಷ್ಟೇ. ಮೀಸೆ ಎಲ್ಲಿಗೆ ಮುಗಿಯಿತು, ಹೊಲಿಗೆ ಯಾವ ಕಡೆ ಓಡಬೇಕು, ಮೊದಲು ಮುಖವೋ ಮೀಸೆಯೋ, ಇದನ್ನೆಲ್ಲ ನಾನೇ ಕೂತು ಹೇಳಬೇಕು."

"ಮೀಸೆನೇ ಮೊದಲು ಹೊಲಿದರೆ?" ಸುಮಾ ಕೇಳಿದಳು.

"ಆಮೇಲೆ ಮುಖ ಅದರ ಮೇಲೆ ಬರುತ್ತದೆ. ಕ್ಲೀನ್ ಶೇವ್."

ಗಿರೀಶ ಬಿಡಲಿಲ್ಲ. "ಹೊಲಿಗೆ ಇನ್ನೂ ಒತ್ತಾಗಿ ಹಾಕು, ದುಡ್ಡು ಕೊಡೋಣ."

ರಫೀಕ್‌ಗೆ ರೇಗಿತು. ಸಾಲಿಗೂ ಸಾಲಿಗೂ ನಡುವೆ ಸುಮಾರು 0.4 ಮಿಲಿಮೀಟರ್ ಇದ್ದರೆ ಸಾಕು, ಅದಕ್ಕಿಂತ ಜಾಸ್ತಿ ಒತ್ತಿದರೆ ದಾರ ತುಂಡಾಗುತ್ತದೆ, ರೇಷ್ಮೆ ಸುಕ್ಕಾಗುತ್ತದೆ, ನಿಮ್ಮಕ್ಕ ಬೆನ್ನಿಗೆ ರಟ್ಟು ಕಟ್ಟಿಕೊಂಡು ಧಾರೆಗೆ ಕೂರಬೇಕಾಗುತ್ತದೆ ಎಂದ. ದಾರ ಬಟ್ಟೆಯನ್ನು ಎಳೆಯುವುದು ಬೇರೆ. ಪರದೆಯಲ್ಲಿ ದುಂಡಗಿರುವ ಕಣ್ಣು ಬಟ್ಟೆಯ ಮೇಲೆ ಕಿರಿದಾಗುತ್ತದೆ, ಆದ್ದರಿಂದ ಹೊಲಿಗೆ ಓಡುವ ದಿಕ್ಕಿಗೆ ಮೊದಲೇ ಚೂರು ಅಗಲ ಮಾಡಿಡಬೇಕು. ಅವರ ಕಡೆ ಅದಕ್ಕೆ ಪುಲ್ ಕಾಂಪೆನ್ಸೇಷನ್ ಅನ್ನುತ್ತಾರೆ.

"ಬಣ್ಣ ಆದರೂ ಸರಿ ಬರುತ್ತದೆ ಅಲ್ವಾ?"

"ಮೆಷಿನ್‌ಗೆ ಕೊಡುವ ಹೊಲಿಗೆ ಫೈಲ್ ಇದೆಯಲ್ಲ, ಡಿಎಸ್‌ಟಿ ಅಂತ, ಅದರಲ್ಲಿ ಬಣ್ಣವೇ ಇರಲ್ಲ. 'ಈಗ ದಾರ ಬದಲಿಸು' ಅನ್ನುತ್ತದೆ, ಯಾವ ದಾರ ಅಂತ ಹೇಳಲ್ಲ. ಮೆಷಿನ್ ನೋಡುವ ಹುಡುಗ ನಿದ್ದೆಗಣ್ಣಲ್ಲಿ ಹಸಿರು ದಾರ ಏರಿಸಿದರೆ ಮದುಮಗ ಹಸಿರು."

"ಹಸಿರು ಭಾವ!" ಸುಮಾ ಬಿದ್ದು ಬಿದ್ದು ನಕ್ಕಳು. ಗಿರೀಶ ನಗಲಿಲ್ಲ, ಪಾಪ.

ಕೊನೆಗೆ ಅವಳೇ ದಾರಿ ಹೇಳಿದಳು. ಫೋಟೋ ಬಿಡು, ಜೋಡಿ ನವಿಲು ಹಾಕಿಸು, ಕೆಳಗೆ ಇಬ್ಬರ ಹೆಸರು. ಮೂರ್ನಾಲ್ಕು ಬಣ್ಣ, ಗೆರೆ ಸ್ಪಷ್ಟ. ಅಕ್ಷರ ಮಾತ್ರ ತೀರಾ ಸಣ್ಣದು ಬೇಡ, ಒತ್ತು ಕೊಂಬೆಲ್ಲ ಗಂಟು ಬಿದ್ದ ಹಾಗೆ ಕಾಣುತ್ತವೆ ಎಂದು ರಫೀಕ್ ಸೇರಿಸಿದ. ನನಗೂ ಅದೇ ಸರಿ ಅನಿಸಿತು. ಬೆನ್ನ ಮೇಲೆ ಗಂಡನ ಮುಖ ಹೊತ್ತು ಊಟದ ಪಂಕ್ತಿಯಲ್ಲಿ ಓಡಾಡುವುದು ಯಾರಿಗೆ ಬೇಕು?

ಗಿರೀಶ ಸ್ವಲ್ಪ ಹೊತ್ತು ಯೋಚಿಸಿದ.

"ಗಂಡು ನವಿಲಿಗೆ ಮೀಸೆ ಇಡಬಹುದಾ?"

"ಇಡೋಣ, ಸ್ಯಾಟಿನ್ ಹೊಲಿಗೆಯಲ್ಲಿ. ರೇಟು ಸಾವಿರ ಹೊಲಿಗೆಗೆ ಇಷ್ಟು ಅಂತ, ಮೀಸೆ ದಪ್ಪ ಬೇಕಾ ಸಣ್ಣ ಬೇಕಾ?"