ಹೆಸರಾಂತ ಕಂಪನಿಗಳಾಚೆ ಜೇಬಿನ ಪ್ಲೇಯರ್: ಅನುಭವ ಹಂಚಿಕೊಳ್ಳುವಿರಾ?

ಪ್ರಶ್ನೆ, ಕುಂದಾಪುರದಿಂದ:

ನಮ್ಮ ತಂದೆಯವರು ಸಂಗೀತ ಕೇಳುವ ಹಳೆಯ ಪ್ಲೇಯರ್‌ನ ಬ್ಯಾಟರಿ ಈಗ ಅರ್ಧ ಗಂಟೆಯೂ ಬಾಳುತ್ತಿಲ್ಲ. ಆಪಲ್ ಕಂಪನಿ 2022ರ ಮೇ ತಿಂಗಳಲ್ಲಿ ಐಪಾಡನ್ನು ನಿಲ್ಲಿಸಿಬಿಟ್ಟಿತು. ಸೋನಿಯ ವಾಕ್‌ಮನ್ ನಮ್ಮ ಕೈಗೆಟಕುವ ಬೆಲೆಯದಲ್ಲ. ಹಿಂದೂಸ್ತಾನಿ ಕಛೇರಿಗಳ ಧ್ವನಿಮುದ್ರಿಕೆಗಳನ್ನೂ ನಾವೇ ಮೊಬೈಲಿನಲ್ಲಿ ಚಿತ್ರೀಕರಿಸಿದ ಯಕ್ಷಗಾನದ ವಿಡಿಯೊಗಳನ್ನೂ ನುಡಿಸುವ, ಎಪ್ಪತ್ತು ದಾಟಿದವರಿಗೆ ಒಗ್ಗುವ ಉಪಕರಣ ಯಾವುದು? ಹತ್ತು ಸಾವಿರ ರೂಪಾಯಿಯ ಒಳಗಿದ್ದರೆ ಅನುಕೂಲ.

ಮೈಸೂರಿನಿಂದ:

ಚೀನಾದ ಫಿಯೊ, ಹೈಬಿ, ಶಾನ್‌ಲಿಂಗ್ ಮತ್ತು ಕೊರಿಯಾದ ಕೋವಾನ್ ಈ ಕ್ಷೇತ್ರದಲ್ಲಿ ಬಹುಕಾಲದಿಂದ ಇರುವ ಹೆಸರುಗಳು. ಆದರೆ ಹೆಸರು ನೋಡಿ ಕೊಳ್ಳುವುದಕ್ಕಿಂತ, ನಿಮ್ಮವೇ ಹತ್ತು ಫೈಲುಗಳನ್ನು ಮೆಮೊರಿ ಕಾರ್ಡಿಗೆ ಹಾಕಿಕೊಂಡು ಅಂಗಡಿಗೆ ಹೋಗುವುದು ಹೆಚ್ಚು ಪ್ರಯೋಜನಕಾರಿ ಎಂಬುದನ್ನು ನಾನು ಎರಡು ಬಾರಿ ಹಣ ಕಳೆದುಕೊಂಡ ಮೇಲೆ ಕಲಿತೆ. ಮೊದಲನೆಯ ಪ್ಲೇಯರ್‌ನಲ್ಲಿ ಧ್ವನಿ ಸೊಗಸಾಗಿಯೇ ಇತ್ತು. ಆದರೆ ಐವತ್ತು ನಿಮಿಷದ ಒಂದು ರಾಗವನ್ನು ನಡುವೆ ನಿಲ್ಲಿಸಿ ಮರುದಿನ ತೆರೆದರೆ ಅದು ಮತ್ತೆ ಆಲಾಪದ ಮೊದಲ ಸ್ವರದಿಂದಲೇ ಆರಂಭವಾಗುತ್ತಿತ್ತು. ಮೂರು ನಿಮಿಷದ ಚಿತ್ರಗೀತೆ ಕೇಳುವವರಿಗೆ ಇದು ಕೊರತೆಯೆನಿಸದು, ಕಛೇರಿ ಕೇಳುವವರಿಗೆ ಮಾತ್ರ ದಿನನಿತ್ಯದ ಕಿರಿಕಿರಿ. ಎರಡನೆಯದರಲ್ಲಿ ಕನ್ನಡದಲ್ಲಿ ಬರೆದ ಶೀರ್ಷಿಕೆಗಳೆಲ್ಲ ಖಾಲಿ ಚೌಕಗಳಾಗಿ ಕಂಡವು. ಮತ್ತೊಬ್ಬರ ಪ್ಲೇಯರ್‌ನಲ್ಲಿ ಅಕ್ಷರಗಳು ಮೂಡಿದರೂ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬಿದ್ದಿದ್ದವು. ಕೊನೆಗೆ ನಾನು ಫೈಲುಗಳ ಹೆಸರನ್ನೆಲ್ಲ ಇಂಗ್ಲಿಷ್ ಲಿಪಿಗೆ ಬದಲಿಸಿ, ಮುಂದೆ 01, 02 ಎಂದು ಸಂಖ್ಯೆ ಹಾಕಿಕೊಂಡೆ.

ಒಂದೇ ರಾಗವನ್ನು ಎರಡು ಟ್ರ್ಯಾಕ್‌ಗಳಾಗಿ ಕತ್ತರಿಸಿದ ಸಿ.ಡಿ.ಗಳು ನಿಮ್ಮಲ್ಲಿದ್ದರೆ, ಒಂದರಿಂದ ಇನ್ನೊಂದಕ್ಕೆ ಸಾಗುವಾಗ ನಡುವೆ ಮೌನ ಬರುತ್ತದೆಯೇ ಎಂಬುದನ್ನೂ ಕೇಳಿ ನೋಡಿ. ಸಂಗ್ರಹದ ಸ್ಥಳದ ಬಗ್ಗೆ ಚಿಂತೆ ಬೇಡ: ಸೆಕೆಂಡಿಗೆ 320 ಕಿಲೊಬಿಟ್, ಅಂದರೆ 320 ಕೆಬಿಪಿಎಸ್‌ನ ಎಂಪಿ3 ಗಂಟೆಗೆ ಸುಮಾರು 144 ಎಂಬಿ ಹಿಡಿಯುವುದರಿಂದ 64 ಜಿಬಿ ಕಾರ್ಡಿನಲ್ಲಿ 400 ಗಂಟೆಯ ಸಂಗೀತ ಕೂರುತ್ತದೆ. ಕಾರ್ಡನ್ನು ಮಾತ್ರ ನಂಬಿಕೆಯ ಅಂಗಡಿಯಲ್ಲಿ ಕೊಳ್ಳಿ, ಏಕೆಂದರೆ 512 ಜಿಬಿ ಎಂದು ತೋರಿಸಿ ಅದರ ಹತ್ತನೆಯ ಒಂದು ಪಾಲನ್ನೂ ಹಿಡಿಯದ ನಕಲಿ ಕಾರ್ಡುಗಳು ಸಾಕಷ್ಟಿವೆ. ಪೂರ್ತಿ ತುಂಬಿಸಿ, ಕೊನೆಯ ಫೈಲನ್ನು ನುಡಿಸಿ ನೋಡುವವರೆಗೂ ಮೋಸ ತಿಳಿಯುವುದಿಲ್ಲ.

ಶಿರಸಿಯಿಂದ:

ಮೇಲಿನವರು ವಿಡಿಯೊದ ಬಗ್ಗೆ ಏನೂ ಹೇಳಲಿಲ್ಲ, ತೊಡಕಿರುವುದೇ ಅಲ್ಲಿ. ಪೆಟ್ಟಿಗೆಯ ಮೇಲೆ ‘ವಿಡಿಯೊ’ ಎಂದು ಬರೆದಿದ್ದರೂ ಅಗ್ಗದ ಪ್ಲೇಯರ್‌ಗಳಲ್ಲಿ ಹಲವು ಎಎಂವಿ ಎಂಬ ಮಸುಕು ಚಿತ್ರದ ಫೈಲನ್ನು ಮಾತ್ರ ತೆರೆಯುತ್ತವೆ. ಈಚಿನ ಮೊಬೈಲುಗಳು ವಿಡಿಯೊವನ್ನು ಕುಗ್ಗಿಸಿಡುವ ಹೊಸ ವಿಧಾನವಾದ ಎಚ್.265ರಲ್ಲಿ ಚಿತ್ರೀಕರಿಸುವುದುಂಟು, ಅದನ್ನು ಬಿಡಿಸುವ ಶಕ್ತಿ ಸಣ್ಣ ಪ್ಲೇಯರ್‌ಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ. ಜೊತೆಗೆ, ಕಾರ್ಡು ಫ್ಯಾಟ್32 ಎಂಬ ಫೈಲು ಜೋಡಿಸಿಡುವ ವಿನ್ಯಾಸದಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಅದರಲ್ಲಿ ಹಿಡಿಯುವುದೇ ಇಲ್ಲ, ಮೊಬೈಲಿನಲ್ಲಿ 1080ಪಿ ಗುಣಮಟ್ಟದ ಅರ್ಧ ಗಂಟೆಯ ಚಿತ್ರೀಕರಣವೇ ಅಷ್ಟರ ಹತ್ತಿರಕ್ಕೆ ಬರುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಿಂದ ಕಡಿಮೆ ಗುಣಮಟ್ಟದ 480ಪಿಗೆ, ಹಿಂದಿನ ವಿಧಾನವಾದ ಎಚ್.264ಕ್ಕೆ ಇಳಿಸಿಕೊಳ್ಳಬಹುದು, ಆದರೆ ಬೆಳಗಿನವರೆಗೆ ನಡೆದ ಆಟವನ್ನು ಹೀಗೆ ಇಳಿಸಲು ನಮ್ಮ ಹಳೆಯ ಕಂಪ್ಯೂಟರು ಮತ್ತೊಂದು ಇಡೀ ರಾತ್ರಿ ತೆಗೆದುಕೊಂಡಿತು.

ಇನ್ನು ಬ್ಲೂಟೂತ್. ಸಂಗೀತಕ್ಕೆ ಅದು ಸಾಕು. ವಿಡಿಯೊ ನೋಡುವಾಗ ಮಾತ್ರ, ಅದರಲ್ಲಿ ಧ್ವನಿ ತುಸು ತಡವಾಗಿ ಬರುವುದರಿಂದ, ಪ್ಲೇಯರ್ ಆ ವಿಳಂಬವನ್ನು ಸರಿದೂಗಿಸದಿದ್ದರೆ, ಚೆಂಡೆಯ ಪೆಟ್ಟು ಕಿವಿಗೆ ತಲುಪುವಷ್ಟರಲ್ಲಿ ವೇಷಧಾರಿಯ ಹೆಜ್ಜೆ ಮುಗಿದಿರುತ್ತದೆ. ತಾಳ ಬಲ್ಲ ಹಿರಿಯರು ಅದನ್ನು ಎರಡು ನಿಮಿಷವೂ ಸಹಿಸಲಾರರು. ಆದ್ದರಿಂದ ವಯರಿನ ಇಯರ್‌ಫೋನ್ ಚುಚ್ಚುವ 3.5 ಮಿ.ಮೀ. ಕಿಂಡಿ ಇರುವುದನ್ನೇ ಆರಿಸಿಕೊಳ್ಳಿ.

ಹುಬ್ಬಳ್ಳಿಯಿಂದ:

ಒಂದೇ ಉಪಕರಣದಲ್ಲಿ ಎರಡನ್ನೂ ಹುಡುಕುವುದನ್ನು ನಾನು ಒಪ್ಪುವುದಿಲ್ಲ. 2007ರ ಸುಮಾರಿನ ಕೋವಾನ್ ಡಿ2ದಂಥ ಪ್ಲೇಯರ್‌ಗೂ ಕಂಪನಿಯೇ ಹೇಳಿಕೊಂಡಿದ್ದ ಲೆಕ್ಕದಲ್ಲಿ ಸಂಗೀತ 52 ಗಂಟೆ, ವಿಡಿಯೊ 10 ಗಂಟೆ. ಪರದೆ ಬೆಳಗಿದರೆ ಬ್ಯಾಟರಿ ಕರಗುವುದು ಅಂದಿಗೂ ಇಂದಿಗೂ ಒಂದೇ. ಗುಂಡಿಗಳಿರುವ ಸಣ್ಣ ಪ್ಲೇಯರ್ ಸಂಗೀತಕ್ಕೆ, ಮನೆಯಲ್ಲಿ ಮೂಲೆ ಸೇರಿದ ಮೊಬೈಲು ಯಕ್ಷಗಾನಕ್ಕೆ ಎಂದು ಬೇರೆಮಾಡಿದರೆ ಹತ್ತು ಸಾವಿರದಲ್ಲಿ ಅರ್ಧ ಉಳಿಯುತ್ತದೆ. ನಮ್ಮ ಮಾವನವರಿಗೆ ಸ್ಪರ್ಶಪರದೆ ಒಗ್ಗಲೇ ಇಲ್ಲ. ಗುಂಡಿಯನ್ನಾದರೆ ಜೇಬಿನೊಳಗೇ ಬೆರಳಿನಿಂದ ತಡವಿ ಒತ್ತುತ್ತಾರೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ರಾಕ್‌ಬಾಕ್ಸ್ ಎಂಬ, ಕಂಪನಿಯ ತಂತ್ರಾಂಶದ ಬದಲಿಗೆ ಹಾಕಿಕೊಳ್ಳಬಹುದಾದ ಮುಕ್ತ ತಂತ್ರಾಂಶ ಒಪ್ಪುವ ಮಾದರಿಯೇ ಎಂದು ವಿಚಾರಿಸಿ. ನಿಲ್ಲಿಸಿದಲ್ಲಿಂದ ಮುಂದುವರಿಯುವ ಬುಕ್‌ಮಾರ್ಕ್ ಸೌಲಭ್ಯ ಅದರಲ್ಲಿದೆ.

ಕುಂದಾಪುರದಿಂದ ಮತ್ತೆ:

ಎಲ್ಲರಿಗೂ ಧನ್ಯವಾದಗಳು. ಹುಬ್ಬಳ್ಳಿಯವರ ಮಾತಿನಂತೆ ಬೇರೆಮಾಡುವುದೆಂದು ತಂದೆಯವರೂ ಒಪ್ಪಿದ್ದಾರೆ. ಆದರೆ ಮನೆಯಲ್ಲಿರುವ ಹಳೆಯ ಮೊಬೈಲಿಗೆ ಇಯರ್‌ಫೋನ್ ಕಿಂಡಿಯೇ ಇಲ್ಲ, ಟೈಪ್-ಸಿ ಮಾತ್ರ ಇದೆ. ಅಡಾಪ್ಟರ್ ಹಾಕಿದರೆ ಸಾಕೇ?

ಶಿರಸಿಯಿಂದ:

ಸಾಕು, ಆದರೆ ಒಳಗೆ ಡಿಎಸಿ (ಡಿಜಿಟಲ್ ಸಂಕೇತವನ್ನು ಇಯರ್‌ಫೋನಿಗೆ ಬೇಕಾದ ಧ್ವನಿ ಸಂಕೇತವಾಗಿಸುವ ಚಿಪ್) ಇರುವ ಅಡಾಪ್ಟರನ್ನೇ ಕೇಳಿ ತೆಗೆದುಕೊಳ್ಳಿ. ಅದಿಲ್ಲದ ಅಗ್ಗದವು ಕೆಲವು ಮೊಬೈಲುಗಳಲ್ಲಿ ಮಾತ್ರ ಕೆಲಸ ಮಾಡುತ್ತವೆ. ಮೊಬೈಲನ್ನೂ ಅಂಗಡಿಗೆ ಒಯ್ದು, ಅಲ್ಲಿಯೇ ಚುಚ್ಚಿ ನೋಡಿಬಿಡಿ.